ಅರಳೆಯ ಮೇಲೆ ಚಪ್ಪಲಿ

"ಅಲ್ಲೇ ನಿಂದರ್ರಿ ಬಾಯಾರ. ಮದ್ಲ ಬೂಟ ಕಳೀರಿ."

ಪ್ರಜ್ಞಾ ಎತ್ತಿದ ಕಾಲನ್ನು ಎತ್ತಿದಂತೆಯೇ ಹಿಡಿದು ನಿಂತಳು. ಎದುರಿಗಿದ್ದದ್ದು ಬೈಲಹೊಂಗಲದ ಅಂದಾನೆಪ್ಪನವರ ಹತ್ತಿ ಮಿಲ್ಲಿನ ಗೋದಾಮು. ಅಂದರೆ, ಮೊನ್ನೆ ಸಂಜೆಯ ತನಕ ಗೋದಾಮಾಗಿದ್ದದ್ದು. ಈಗ ಉಳಿದದ್ದು ನಾಲ್ಕು ಗೋಡೆ, ಸೊಟ್ಟಗಾದ ತಗಡು ಮತ್ತು ಅಗ್ನಿಶಾಮಕದ ಬಂಬಿನ ನೀರು ಕುಡಿದು ಕಪ್ಪಾದ ಒಂದು ರಾಶಿ. ಮೂಲೆಯಲ್ಲಿ ಮಾತ್ರ ಬೆಂಕಿಗೆ ಸಿಕ್ಕದ ಅರಳೆ ಬೆಳ್ಳಗೆ ಹರಡಿಕೊಂಡಿತ್ತು. ಅದರ ಮೇಲೆ ಹಾಯ್ದು ಹಿಂದಿನ ಬಾಗಿಲಿಗೆ ಹೋಗಬೇಕೆಂದು ಅವಳು ಹೊರಟಿದ್ದಳು.

ತಡೆದವಳು ಸಾವಂತ್ರೆವ್ವ, ಇದೇ ಮಿಲ್ಲಿನ ಆಳು. ಗಂಡ ಭೀಮಶಿಯೂ ಇಲ್ಲಿಯವನೇ. ಅವನು ಠಾಣೆಯಲ್ಲಿ ಕುಳಿತು ಇದು ಎರಡನೇ ದಿನ. ಬೀಡಿ ಸೇದಿ ಗೋದಾಮಿಗೆ ಬೆಂಕಿ ಹಚ್ಚಿದ, ಒಳಗಿದ್ದ ಕಾವಲುಗಾರ ಮಾಳಪ್ಪ ಸುಟ್ಟು ಸತ್ತ, ಎಂದು ಅವನ ಮೇಲಿನ ಆರೋಪ. ನಾಳೆ ಕೋರ್ಟಿಗೆ ಒಯ್ಯುತ್ತಾರೆ. ಪ್ರಜ್ಞಾ ವಿಮಾ ಕಂಪನಿ ಕಳಿಸಿದ ತನಿಖೆಯವಳು. ಬೆಂಕಿಗೆ ಅವಳು ಏನು ಕಾರಣ ಬರೆಯುತ್ತಾಳೋ, ಭೀಮಶಿಯ ಹಣೆಬರಹ ಅದೇ.

"ಎಲ್ಲಾ ಸುಟ್ಟ ಹೋಗೇತಲ್ಲ ಸಾವಂತ್ರೆವ್ವ. ಇನ್ನೇನ ಬೂಟಿನ ಚಿಂತಿ?"

"ಸುಟ್ಟದ್ದಕ್ಕಲ್ರಿ, ಉಳದದ್ದಕ್ಕ. ಅರಳಿ ಅಂದ್ರ ಲಕ್ಷ್ಮಿರಿ. ಅದೂ ಅಲ್ದ, ಬೂಟಿನ ಮೊಳಿ ಕಲ್ಲಿಗೆ ತಾಕಿ ಕಿಡಿ ಹಾರಿದ್ರ ಏನ ಗತಿ? ದೊಡ್ಡ ಸಾವ್ಕಾರ್ರ ತಂದಿ ಕಾಲದಿಂದ ಇಲ್ಲಿ ಯಾರೂ ಮೆಟ್ಟ ಹಾಕ್ಕೊಂಡ ಒಳಗ ಬಂದಿಲ್ಲ. ಸಾವ್ಕಾರ್ರ ಮನಿಯವ್ರೂ ಬರೂದಿಲ್ಲ, ನಾವೂ ಬರೂದಿಲ್ಲ."

"ಮಾಳಪ್ಪ?"

"ಮಾಳಪ್ಪ ಕಾಕಾ ನಮಗೆಲ್ಲಾ ಬೈದ ಬೈದ ಕಲಿಸಿದಾವ್ರಿ. ನನ್ನ ಮಗಾ ತೆವಳೂ ಹೊತ್ತಿನ್ಯಾಗ ಅದರ ಕಾಲಿನ ಗೆಜ್ಜಿ ಸೈತ ಬಿಚ್ಚಿಸಿದ್ದ."

ಪ್ರಜ್ಞಾ ಬೂಟು ಬಿಚ್ಚಿ ಹೊಸ್ತಿಲ ಹೊರಗಿಟ್ಟಳು. ಇಟ್ಟವಳು ಹಾಗೆಯೇ ಬಗ್ಗಿ ನಿಂತುಬಿಟ್ಟಳು. ಅಗ್ನಿಶಾಮಕದವರು ಕಳಿಸಿದ್ದ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದು ಒಂದೊಂದಾಗಿ ಸರಿಸಿದಳು.

ಮೊದಲ ಫೋಟೋದಲ್ಲಿ ಮಾಳಪ್ಪನ ಹೆಣ. ಅರಳೆಯ ರಾಶಿಯ ನಡುವೆ ಅಂಗಾತ ಬಿದ್ದಿದ್ದ. ಕಾಲಿನಲ್ಲಿ ಚಪ್ಪಲಿ ಇತ್ತು, ಅರ್ಧ ಕರಗಿ ಕಾಲಿಗೇ ಅಂಟಿಕೊಂಡಿತ್ತು.

ಇನ್ನೊಂದು ಫೋಟೋದಲ್ಲಿ ಇದೇ ಹೊಸ್ತಿಲು. ಅದರ ಪಕ್ಕದಲ್ಲಿ ಸುಟ್ಟ ಬೂಟುಗಳ ಒಂದು ಜೊತೆ. ಒಂದರ ಮಗ್ಗುಲಲ್ಲಿ ಹಿತ್ತಾಳೆಯ ಬಕಲ್ಲು ಹೊಳೆಯುತ್ತಿತ್ತು. ಪೊಲೀಸರು ಅದಕ್ಕೆ 'ಮೃತನ ಪಾದರಕ್ಷೆ' ಎಂದು ಚೀಟಿ ಅಂಟಿಸಿ ಒಯ್ದಿದ್ದರು. ಹೆಣ ಒಂದು ಗಾಡಿಯಲ್ಲಿ ದವಾಖಾನೆಗೆ ಹೋಗಿತ್ತು, ಬೂಟು ಇನ್ನೊಂದು ಗಾಡಿಯಲ್ಲಿ ಠಾಣೆಗೆ. ಎರಡನ್ನೂ ಒಟ್ಟಿಗಿಟ್ಟು ನೋಡುವ ತಾಪತ್ರಯವನ್ನು ಯಾರೂ ತೆಗೆದುಕೊಂಡಿರಲಿಲ್ಲ.

"ಭೀಮಶಿ ಅವ್ರ ಮೆಟ್ಟ ಎಲ್ಲಿ ಅದಾವ?"

"ಠಾಣೇದ ಬಾಗಲದಾಗ ಬಿಡಿಸ್ಯಾರ್ರಿ. ರೊಟ್ಟಿ ಕೊಡಾಕ ಹೋದಾಗ ನಾನ ನೋಡೇನಿ. ಯಾಕ್ರಿ?"

ಭೀಮಶಿಯ ಮೆಟ್ಟು ಠಾಣೆಯಲ್ಲಿದ್ದರೆ ಹೊಸ್ತಿಲಿನ ಬೂಟು ಅವನದಲ್ಲ. ಜೀವನವಿಡೀ ಬರಿಗಾಲಿನಲ್ಲಿ ಅರಳೆ ತುಳಿದ ಮುದುಕ ಅವತ್ತೊಂದು ದಿನ ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋಗಲಾರ. ಅವನನ್ನು ಯಾರೋ ಹೊತ್ತು ತಂದು ಹಾಕಿದ್ದಾರೆ. ಹೊತ್ತು ತಂದವನಿಗೆ ಸತ್ತವನ ಚಪ್ಪಲಿ ಬಿಚ್ಚುವ ನೆನಪಾಗಿಲ್ಲ. ತನ್ನದನ್ನು ಮಾತ್ರ, ಹೆಗಲ ಮೇಲೆ ಹೆಣ ಇದ್ದಾಗಲೂ, ಹೊಸ್ತಿಲಲ್ಲಿ ಬಿಚ್ಚಿ ಒಳಗೆ ಹೋಗಿದ್ದಾನೆ. ಬೆಂಕಿ ಭಗ್ಗೆಂದಾಗ ಹಿಂದಿನ ಬಾಗಿಲಿನಿಂದ ಓಡಿದ್ದಾನೆ. ಹೊರಗಿನವನಾಗಿದ್ದರೆ ಬೂಟು ಹಾಕಿಕೊಂಡೇ ನುಗ್ಗುತ್ತಿದ್ದ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕೊಲೆ ಮಾಡುವಾಗಲೂ ಲಕ್ಷ್ಮಿಗೆ ಮರ್ಯಾದೆ ತಪ್ಪಿಸದವನು ಈ ಅರಳೆಯಲ್ಲೇ ಹೊರಳಾಡಿ ಬೆಳೆದವನು.

"ನಿಮ್ಮ ಯಜಮಾನ್ರು ಬೆಂಕಿ ಹಚ್ಚಿಲ್ಲ," ಎಂದಳು. "ಇದನ್ನ ನಾ ಬರದ ಕೊಡತೇನಿ. ನೀವು ಸವದತ್ತಿಗೆ ನಿಮ್ಮ ಮನಿಗೆ ಹೋಗಿ ನಾಳಿಗೆ ಅವರಿಗೊಂದ ಒಗದ ಅಂಗಿ ತಗೊಂಡ ಬರ್ರಿ."

ಸಾವಂತ್ರೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳು ಬಂದಿತ್ತು. ಅಳುತ್ತಲೇ ಬಸ್ಸಿಗೆ ಓಡಿದಳು.

ಸಾವ್ಕಾರರ ಮನೆ ಮಿಲ್ಲಿನ ಬೆನ್ನಿಗೇ ಇತ್ತು. ಅಂದಾನೆಪ್ಪನವರು ಹಾಸಿಗೆ ಹಿಡಿದು ವರ್ಷವಾಗಿದೆ. ಮಿಲ್ಲು ನೋಡುವವನು ಮಗ ಸಚಿನ. ಅವನು ಮನೆಯಲ್ಲಿರಲಿಲ್ಲ. ತಾಯಿ ರಾಚವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದರು.

"ಬಾ ತಂಗಿ, ಕುಂದರು. ವಿಮಾದಾಕಿ ಹೌದಲ್ಲ? ಯಾವೂರ ನಿಂದು?"

"ರಾಮದುರ್ಗರಿ ಅವ್ವಾರ."

"ಯಾರ ಪೈಕಿ?"

"ಲಗಮಪ್ಪ ಮಾಸ್ತರ ಮಗಳ್ರಿ."

ರಾಚವ್ವನ ಕೈ ಮೊರದ ಮೇಲೆ ಒಂದು ಗಳಿಗೆ ನಿಂತಿತು. ಚಹಾ ಬಂದದ್ದು ಪೇಪರ್ ಕಪ್ಪಿನಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ಪೇಪರ್ ಕಪ್ಪು ಯಾರಿಗಾಗಿ ಇಟ್ಟಿರುತ್ತಾರೆ ಎಂಬುದು ಪ್ರಜ್ಞಾಳಿಗೆ ಚಿಕ್ಕಂದಿನಿಂದ ಗೊತ್ತು. ಸಿಟ್ಟು ನೆತ್ತಿಗೇರಿತು. ಅದನ್ನು ಚಹಾದ ಜೊತೆಗೇ ನುಂಗಿದಳು. ಇವತ್ತು ಅವಳಿಗೆ ಮಾತು ಬೇಕಾಗಿತ್ತು, ಮರ್ಯಾದೆಯ ಲೆಕ್ಕ ಇನ್ನೊಂದು ದಿನ.

"ಸಚಿನ ಅವ್ರು ಎಲ್ಲಿ ಹೋಗ್ಯಾರ್ರಿ?"

"ಮುಂಜಾನೆ ಗಾಡಿ ತಗೊಂಡ ಹೊರಬಿದ್ದಾನ. ಎಲ್ಲಿಗೆ ಅಂತ ಕೇಳಿದ್ರ ಮಾರಿ ತಿರುವತಾನ. ಬೆಂಕಿ ಹತ್ತಿದಾಗಿಂದ ಊಟಾನೂ ನೆಟ್ಟಗಿಲ್ಲ ನೋಡವಾ."

"ಬೆಂಕಿ ಹತ್ತಿದಾಗ ಊರಾಗ ಇರಲಿಲ್ಲ ಅಂದ್ರು."

"ಎಲ್ಲಿ ಇದ್ದ? ಎಲ್ಲವ್ವನ ಗುಡ್ಡಕ್ಕ ಹೋಗಿದ್ದ. ದೀಪ ಹಚ್ಚಿದ ಮ್ಯಾಲ ಬಂದ, ಅದೂ ಬರೇ ಕಾಲಿಲೆ. ಗುಡೀ ಮುಂದ ಬೂಟ ಯಾರೋ ಹೊಡಕೊಂಡ ಹೋದ್ರಂತ. ಹಿತ್ತಲ ಬಾಗಲದಿಂದ ಒಳಗ ಬಂದು ಕಾಲ ತೊಳಕೊಂಡ. ಅಂಗಾಲ ತುಂಬ ಬೊಬ್ಬಿ. ಗುಡ್ಡದ ಕಲ್ಲ ಕಾದಿರತಾವಲ್ಲ ಬಿಸಲಿಗೆ. ನಾನ ಬೆಣ್ಣಿ ಹಚ್ಚಿದೆ."

"ಹೊಸಾ ಬೂಟೇನ್ರಿ?"

"ದೀಪಾವಳಿಗೆ ತಗೊಂಡದ್ದು. ಬಾಜೂಕ ಹಿತ್ತಾಳಿ ಬಕಲ್ ಇತ್ತು. ಕಳದ್ದಕ್ಕ ನನಗ ಹೊಟ್ಟಿ ಉರದ್ರ, ಅಂವಗ ಅದರ ಖಬರ ಇಲ್ಲ."

ಪ್ರಜ್ಞಾ ಕಪ್ಪನ್ನು ಕೆಳಗಿಟ್ಟಳು. ತಾನು ಈಗಷ್ಟೇ ಏನು ಹೇಳಿದೆ ಎಂಬುದು ಆ ತಾಯಿಗೆ ಗೊತ್ತಿರಲಿಲ್ಲ. ಪೇಪರ್ ಕಪ್ಪಿನ ಸಿಟ್ಟು ಎಲ್ಲಿ ಹೋಯಿತೋ, ಪ್ರಜ್ಞಾಳಿಗೆ ಆ ಮುದುಕಿಯ ಮೇಲೆ ಮರುಕ ಹುಟ್ಟಿತು.

ಹೊರಗೆ ಬರುತ್ತಿದ್ದಂತೆ ಮೊಬೈಲು ಹೊಡೆದುಕೊಂಡಿತು. ನಿನ್ನೆ ಮಿಲ್ಲಿನ ಲೆಕ್ಕ ನೋಡುವಾಗ ಪರಿಚಯವಾದ ಗೌತಮ.

"ಮೇಡಂ, ಕಿತ್ತೂರಿನಲ್ಲಿದ್ದೀನಿ. ಹೈವೇ ಹೋಟೆಲ್ಲು, ಮೇಲಿನ ಕೋಣೆ. ಬಂದರೆ ಭೀಮಶಿ ವಿಷಯ ಇವತ್ತೇ ಮುಗಿಸೋಣ."

ಅವಳು ಹೋಗದೆ ಇರಬಹುದಿತ್ತು. ಆದರೆ ಭೀಮಶಿಯ ಹೆಸರು ಹೇಳಿದ ಮೇಲೆ ಹೋಗದೆ ಇರುವುದು ಅವಳಿಂದಾಗಲಿಲ್ಲ.

ಈ ಗೌತಮ ಯಾವ ಕಂಪನಿಯವನು ಎಂದು ಕೇಳಿದರೆ ಸಲಹೆಗಾರ ಎನ್ನುತ್ತಿದ್ದ. ಯಾರಿಗೆ ಸಲಹೆ, ಯಾವುದರ ಸಲಹೆ ಎಂದು ಕೇಳಿದರೆ ಚಹಾ ತರಿಸುತ್ತಿದ್ದ. ಹತ್ತಿಕಾಳಿಗೆ ಅಂಟಿಕೊಂಡಿರುವ ಗಿಡ್ಡ ಅರಳೆಯನ್ನು, ಬಟ್ಟೆಗೆ ಬಾರದ ಆ ಜುಂಗನ್ನು, ಅಂದಾನೆಪ್ಪನವರ ಮಿಲ್ಲಿನಿಂದ ದುಪ್ಪಟ್ಟು ಬೆಲೆಗೆ ಕೊಳ್ಳುತ್ತಿದ್ದವನು ಅವನೇ. ಕಾಗದದಲ್ಲಿ ಅದು ದಿಂಬಿಗೆ ತುಂಬುವ ಸಾಮಾನು. ಅದನ್ನು ಆಮ್ಲದಲ್ಲಿ ಹದ ಮಾಡಿದರೆ ತೋಪಿನ ಮದ್ದಾಗುತ್ತದೆ ಎಂಬುದು ಪ್ರಜ್ಞಾಳಿಗೆ ನಿನ್ನೆಯಷ್ಟೇ ಗೊತ್ತಾಗಿತ್ತು.

ಕೋಣೆಯ ಕಿಟಕಿ ಹೋಟೆಲಿನ ಅಂಗಳಕ್ಕೆ ತೆರೆದಿತ್ತು. ಕೆಳಗೆ ಲಾರಿಗಳು, ಅವುಗಳಾಚೆ ಹೈವೇ. ಗೌತಮ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ.

"ಕೂತ್ಕೊಳ್ಳಿ ಮೇಡಂ. ಊಟ ಆಯ್ತಾ?"

"ಊಟ ಇರಲಿ. ಮಾಲು ಯಾರಿಗೆ ಹೊಂಟಿತ್ತು ಹೇಳ್ರಿ."

"ನಿಮಗೆ ಗೊತ್ತಿದೆಯಲ್ಲ."

"ನಿಮ್ಮ ಬಾಯಿಲೆ ಕೇಳಬೇಕಾಗೇತಿ."

ಗೌತಮ ನಕ್ಕ. ಮುಚ್ಚಿಡುವ ಅವಸರವೇನೂ ಅವನಿಗಿರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

"ಒಂದು ಸಣ್ಣ ದೇಶ. ನೆರೆಯವರು ಮೇಲೆ ಬಿದ್ದಿದ್ದಾರೆ. ಅದಕ್ಕೆ ಸ್ನೇಹಿತ ಒಂದು ದೊಡ್ಡ ದೇಶ. ಎದುರಿಗೇ ತೋಪು ಕಳಿಸಿದರೆ ಯುದ್ಧ ಅವರ ಬಾಗಿಲಿಗೂ ಬರುತ್ತೆ. ಕಳಿಸದೆ ಇದ್ದರೆ ಸ್ನೇಹಿತ ಉಳಿಯಲ್ಲ. ಅದಕ್ಕೆ ಮದ್ದು ಕಳಿಸಲ್ಲ, ಮದ್ದಿಗೆ ಬೇಕಾದ್ದು ಕಳಿಸ್ತಾರೆ. ಅದನ್ನೂ ತಾವೇ ಕಳಿಸಲ್ಲ. ಎಲ್ಲೋ ಒಂದು ದಿಂಬಿನ ಕಂಪನಿ ಕೊಳ್ಳುತ್ತೆ, ಇನ್ನೆಲ್ಲೋ ಹಡಗಿನಿಂದ ಇಳಿಯುತ್ತೆ. ಎಲ್ಲರಿಗೂ ಗೊತ್ತು, ಯಾರೂ ನೋಡಿಲ್ಲ."

"ಚಲೋ ಐತಿ ನಿಮ್ಮ ಗೆಳೆತನ."

"ನಗಬೇಡಿ ಮೇಡಂ. ಆ ಸಣ್ಣ ದೇಶದಲ್ಲೂ ಮಕ್ಕಳಿದ್ದಾರೆ. ನಿಮ್ಮ ಬೈಲಹೊಂಗಲದ ಅರಳೆ ಅಲ್ಲಿಗೆ ಮುಟ್ಟಿದರೆ ಒಂದು ಊರು ಉಳಿಯುತ್ತೆ. ಈ ಕೆಲಸಕ್ಕೆ ನನಗೆ ನಾಚಿಕೆ ಇಲ್ಲ."

ಅವನು ಸುಳ್ಳು ಹೇಳುತ್ತಿಲ್ಲ ಎಂದು ಪ್ರಜ್ಞಾಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಇನ್ನಷ್ಟು ಕೋಪ ಬಂತು.

"ಮಾಳಪ್ಪ ಯಾವ ದೇಶದಾವ್ರಿ?"

ಗೌತಮ ನೀರಿನ ಲೋಟ ಎತ್ತಿದವನು ಕುಡಿಯದೆ ಕೆಳಗಿಟ್ಟ.

"ಬಂದರಿನಲ್ಲಿ ಯಾರೋ ಚಾಡಿ ಹೇಳಿದ್ರು. ಗೋದಾಮು ಪರೀಕ್ಷೆಗೆ ಬರೋರಿದ್ದರು. ಮಾಲು ಅಲ್ಲಿ ಇರಬಾರದು ಅಂತ ಮಾತ್ರ ನಾನು ಹೇಳಿದ್ದು. ಇಲ್ಲದ ಹಾಗೆ ಹೇಗೆ ಮಾಡ್ತೀರಿ ಅಂತ ಕೇಳಲಿಲ್ಲ. ಕೇಳದೆ ಇರೋದೇ ನಮ್ಮ ಕೆಲಸ."

"ಹೇಳಿದ್ದು ಸಚಿನಗ. ಬೆಂಕಿ ಹಚ್ಚೂದನ್ನ ಮಾಳಪ್ಪ ನೋಡಿದ. ಅವನ್ನ ಹೊಡದು ಒಳಗ ಹಾಕಿದ್ರು. ಬಂದ ಪೊಲೀಸರಿಗೆ ಭೀಮಶೀದ ಅಂತ ಒಂದ ಬೀಡಿ ತೋರಿಸಿದ್ರು."

"ಭೀಮಶಿ ಹೆಸರು ಹೇಳಿದ್ದು ಹುಡುಗುಬುದ್ಧಿ. ನನಗದು ಹಿಡಿಸಲಿಲ್ಲ. ಕೇಸು ಅಂದರೆ ಕೋರ್ಟು, ಕೋರ್ಟು ಅಂದರೆ ಸದ್ದು. ನಮಗೆ ಸದ್ದಾಗಬಾರದು." ಗೌತಮ ಮುಂದಕ್ಕೆ ಬಾಗಿದ. "ವಯರು ಸುಟ್ಟು ಬೆಂಕಿ ಬಿತ್ತು ಅಂತ ಬರೀರಿ. ಒಂದೇ ಸಾಲು. ಇಲ್ಲೇ ಮೊಬೈಲಿನಲ್ಲಿ ಕಳಿಸಿ. ಬೆಂಕಿ ಆಕಸ್ಮಿಕ, ಸಾವೂ ಆಕಸ್ಮಿಕ. ಭೀಮಶಿ ಮೇಲೆ ಏನೂ ಉಳಿಯಲ್ಲ."

ಪ್ರಜ್ಞಾ ಮೊಬೈಲು ಕೈಗೆತ್ತಿಕೊಂಡಳು.

ಒಂದು ಸಾಲು ಬರೆದರೆ ನಿರಪರಾಧಿಯೊಬ್ಬ ಮನೆಗೆ ಹೋಗುತ್ತಾನೆ. ಅವಳು ಬೂಟಿನ ಕಥೆ ಹಿಡಿದು ಹೋರಾಡಿದರೆ ಅವನು ಎಷ್ಟು ಕಾಲ ಒಳಗಿರಬೇಕೋ ಹೇಳಬಲ್ಲವರಾರು? ಸಾವ್ಕಾರರ ಮಗನೆದುರು ಆಳುಮಗನ ಮಾತು ಎಷ್ಟು ದೂರ ನಡೆದೀತು ಎಂಬುದು ಲಗಮಪ್ಪ ಮಾಸ್ತರರ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಾಳಪ್ಪನಿಗಂತೂ ಕೇಳುವವರೇ ಇಲ್ಲ, ಒಂಟಿ ಜೀವ. ಬೆರಳು ಮೊಬೈಲಿನ ಮೇಲೆ ಹೋದದ್ದು ನಿಜ. ಕೇಳುವವರಿಲ್ಲ ಎಂದು ತನ್ನ ಮನಸ್ಸೇ ಲೆಕ್ಕ ಹಾಕಿತಲ್ಲ ಎಂದು ಅವಳಿಗೆ ಹೇಸಿಗೆಯಾಯಿತು.

"ಆಗೂದಿಲ್ಲ ಗೌತಮ ಅವ್ರ. ನಿಮ್ಮ ಅರಳಿ ಎಲ್ಲಿಗರೆ ಹೋಗಲಿ, ಅದು ನನ್ನ ಕೆಲಸ ಅಲ್ಲ. ಕೊಂದಾವನ ಹೆಸರ ನಾ ಬರದ ಬರಿತೇನಿ. ಬೂಟಿನ ಫೋಟೋ ನನ್ನ ಕಡೆ ಐತಿ."

"ಬೂಟು?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವನ ಮೇಲೆ ತನಗೊಂದು ಹಿಡಿತ ಸಿಕ್ಕಿತೆಂದುಕೊಂಡು ಪ್ರಜ್ಞಾ ಎಲ್ಲವನ್ನೂ ಹೇಳಿದಳು. ಹೆಣದ ಕಾಲಿನ ಚಪ್ಪಲಿ, ಹೊಸ್ತಿಲಿನ ಬಕಲ್ಲು, ಅಂಗಾಲಿನ ಬೊಬ್ಬೆ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಗೊತ್ತಾಯಿತು. ಗೌತಮ ಪೂರ್ತಿ ಕೇಳಿ, ಮೆಚ್ಚಿದವನಂತೆ ತಲೆದೂಗಿ, ಯಾರಿಗೋ ಎರಡು ಶಬ್ದದ ಸಂದೇಶ ಕಳಿಸಿದ.

"ನೀವು ಒಪ್ತೀರಿ ಅಂದ್ಕೊಂಡು ನಾನೊಂದು ಸಹಾಯ ಮಾಡಿಬಿಟ್ಟಿದ್ದೆ," ಎಂದ. "ಕಿಟಕಿ ಹತ್ತಿರ ಬನ್ನಿ."

ಅಂಗಳದಲ್ಲಿ ಬಿಳಿ ಕಾರೊಂದು ಬಂದು ನಿಂತಿತ್ತು. ಮುಂದಿನ ಸೀಟಿನಲ್ಲಿ ಭೀಮಶಿ. ಮೇಲೆ ನೋಡಿ, ನಿನ್ನೆ ಠಾಣೆಯಲ್ಲಿ ಕಂಡಿದ್ದ ಅವಳನ್ನು ಗುರುತಿಸಿ, ಎರಡೂ ಕೈ ಎತ್ತಿ ಮುಗಿದ. ಅವನ ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕುಳಿತವನು ಸಚಿನ.

"ಠಾಣೆಯಿಂದ ಬಿಡಿಸಿ ಆಯ್ತು. ಬಂದರಿನಲ್ಲಿ ಒಂದು ಕೆಲಸವನ್ನೂ ನೋಡಿದ್ದೀವಿ. ನೀವು ಆ ಸಾಲು ಕಳಿಸಿದರೆ ಇಲ್ಲಿಂದ ಸವದತ್ತಿಗೆ ಹೋಗಲಿ, ಮನೆಯಲ್ಲಿ ಎರಡು ದಿನ ಇದ್ದು ಬರಲಿ. ಕಳಿಸಲ್ಲ ಅ‌ಂದರೆ, ಹೀಗೇ ಸೀದಾ ಬಂದರಿಗೆ."

"ಸಚಿನನ ಜೋಡಿ ಯಾಕ ಕಳಿಸಾಕತ್ತೀರಿ?"

"ಗುರುತಿನವರು ಜೊತೆಗಿದ್ದರೆ ಅವರಿಗೂ ಧೈರ್ಯ ಅಲ್ವಾ?"

ಪ್ರಜ್ಞಾ ಮೆಟ್ಟಿಲಿಳಿದು ಓಡಿದಳು. ಯಾರೂ ತಡೆಯಲಿಲ್ಲ. ಕಾರಿನ ಹಿಂದಿನ ಬಾಗಿಲು ತೆಗೆದು ಕುಳಿತಳು. ಬೇರೆ ಉಪಾಯ ಹೊಳೆಯಲಿಲ್ಲ. ಭೀಮಶಿಯನ್ನು ಆ ಕಾರಿನಲ್ಲಿ ಒಬ್ಬನನ್ನೇ ಬಿಡಲು ಅವಳ ಎದೆ ಒಪ್ಪಲಿಲ್ಲ, ಅಷ್ಟೇ.

"ಬಾಯಾರ, ಬಿಟ್ರರಿ ನನ್ನ," ಎಂದ ಭೀಮಶಿ, ಹಿಂದಕ್ಕೆ ತಿರುಗಿ. ಎರಡು ದಿನದ ಗಡ್ಡದ ನಡುವೆ ನಗು ತುಂಬಿತ್ತು. "ಸಣ್ಣ ಸಾವ್ಕಾರ್ರು ಖುದ್ದ ಬಂದು ಕರಕೊಂಡ ಬಂದ್ರು. ಇಂಥಾ ಮಂದಿ ಮ್ಯಾಲ ನಾ ಸುಮ್ಮ ಸಂಶೇ ಪಟ್ಟಿದ್ದೆ."

"ಕೆಳಗ ಇಳೀರಿ ಭೀಮಶಿ. ಈಗ. ನಾನೂ ಇಳಿತೇನಿ."

ಭೀಮಶಿ ನಗು ನಿಲ್ಲಿಸಿ ಅವಳನ್ನೂ ಸಚಿನನನ್ನೂ ನೋಡಿದ. ಅಷ್ಟರಲ್ಲಿ ಬಾಗಿಲುಗಳೆಲ್ಲ ಟಕ್ಕೆಂದು ಬಿಗಿದುಕೊಂಡವು. ಕಾರು ಹೊರಟಿತು. ಕನ್ನಡಿಯಲ್ಲಿ ಸಚಿನನ ಕಣ್ಣು ಕೆಂಪಗಿದ್ದವು. ನಿದ್ದೆಗೆಟ್ಟು ಹೆದರಿದ ಮುಖ ಅದು. ಹೆದರಿದವನು ಏನು ಬೇಕಾದರೂ ಮಾಡುತ್ತಾನೆ. ಬೈಲಹೊಂಗಲದ ತಿರುವು ಹಿಂದೆ ಉಳಿಯಿತು. ಸವದತ್ತಿಗೆ ಹೋಗುವ ದಾರಿ ಅದೇ.

"ಸಾವ್ಕಾರ್ರ, ದಾರಿ ತಪ್ಪಿತಲ್ರಿ," ಎಂದ ಭೀಮಶಿ. ಸಚಿನ ವೇಗ ಹೆಚ್ಚಿಸಿದ.

ಪ್ರಜ್ಞಾಳ ಕೈಯಲ್ಲಿ ಮೊಬೈಲು ಮಿಡುಕಿತು. ಸಾವಂತ್ರೆವ್ವ. ಅವಳಿಗೆ ಆಗ ಹೊಳೆಯಿತು: ಇವರ ಶಕ್ತಿಯೆಲ್ಲ ಇರುವುದು ಸದ್ದಿಲ್ಲದಿರುವುದರಲ್ಲಿ. ಹಾಗಾದರೆ ಸದ್ದು ಮಾಡಬೇಕು. ಸಚಿನನಿಗೆ ಚೆನ್ನಾಗಿ ಕೇಳಿಸುವಂತೆ ದನಿಯೇರಿಸಿದಳು.

"ಸಾವಂತ್ರೆವ್ವ, ಚಂದಂಗ ಕೇಳ್ರಿ. ನಿಮ್ಮ ಯಜಮಾನ್ರು ನನ್ನ ಜೋಡಿ ಅದಾರ. ಗಾಡಿ ಹೊಡ್ಯಾಕತ್ತಾವ್ರು ಸಣ್ಣ ಸಾವ್ಕಾರ್ರು. ಕಿತ್ತೂರ ದಾಟೇವಿ. ಈಗಿಂದೀಗ ಓಣಿ ಮಂದೀನೆಲ್ಲಾ ಕೂಡಿಸಿ ಈ ಮಾತ ಹೇಳ್ರಿ. ಎಲ್ಲಾರೂ ಠಾಣೆಗೆ ಹೋಗ್ರಿ."

ಕನ್ನಡಿಯಲ್ಲಿ ಸಚಿನನ ಕಣ್ಣು ಅವಳ ಕಡೆ ಹೊರಳಿದವು. ಅವನು ಮೊಬೈಲು ಕಸಿಯಲಿಲ್ಲ. ಕಾರಿನ ವೇಗವನ್ನೂ ಕಡಿಮೆ ಮಾಡಲಿಲ್ಲ.

"ಓಣಿ ಬಿಟ್ಟ ಭಾಳೊತ್ತಾತಲ್ರಿ ಬಾಯಾರ," ಆ ಕಡೆಯಿಂದ ಸಾವಂತ್ರೆವ್ವನ ದನಿ ಸಂತೋಷದಿಂದ ಉಕ್ಕುತ್ತಿತ್ತು. "ನನ್ನ ಕರಕೊಂಡ ಬರಾಕನೂ ಒಂದ ಕಾರ ಬಂತರಿ. ಗಂಡ ಹೆಂಡ್ತಿ ಇಬ್ರಿಗೂ ಬಂದರಿನ್ಯಾಗ ಕೆಲಸಂತ. ನೀವ ಕಳಿಸೀರಿ ಅಂದ್ರು. ಇಲ್ಲಂದ್ರ ಗುರುತಿಲ್ಲದವರ ಗಾಡಿ ನಾ ಹತ್ತತಿದ್ನೇನ್ರಿ?"